ನೀತಿ ಖಂಡದಿಂದ ಒಂದು ತಕರಾರು

ನಾನಿರುವುದು ನೀತಿ ಖಂಡದಲ್ಲಿ. ತಮಾಷೆಯಲ್ಲ, ವಿಳಾಸವೇ ಹಾಗಿದೆ. ಗಾಜಿಯಾಬಾದಿನ ಇಂದಿರಾಪುರಂಗೆ ಹೆಸರಿಟ್ಟವರು ಯಾರೋ ದೊಡ್ಡ ಆದರ್ಶವಾದಿಗಳಿರಬೇಕು. ಅಹಿಂಸಾ ಖಂಡ, ನ್ಯಾಯ ಖಂಡ, ಜ್ಞಾನ ಖಂಡ, ಅಭಯ ಖಂಡ, ಶಕ್ತಿ ಖಂಡ, ವೈಭವ ಖಂಡ, ಹೀಗೆ ಬಡಾವಣೆಗಳಿಗೆಲ್ಲ ಸದ್ಗುಣಗಳದ್ದೇ ಹೆಸರು. ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಡುವಾಗ ಯಾರಿಗೂ ತಾವಿರುವ ಖಂಡದ ಹೆಸರು ನೆನಪಾಗುವುದಿಲ್ಲ, ಆ ಮಾತು ಬೇರೆ. ನಮ್ಮ ಊರ ಕಡೆ ನೀತಿ ಅಂದರೆ ಒಳ್ಳೆಯ ನಡತೆ. ಸರ್ಕಾರದ ಬಾಯಲ್ಲಿ ಅದಕ್ಕೆ ಬೇರೆ ಅರ್ಥ: ಕೈಗಾರಿಕಾ ನೀತಿ, ಶಿಕ್ಷಣ ನೀತಿ, ಸಾಂಸ್ಕೃತಿಕ ನೀತಿ. ಈ ಕೊನೆಯದರ ಮೇಲೆಯೇ ನನ್ನ ತಕರಾರು.

ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ. ದಿಲ್ಲಿಯ ಒಂದು ಸಂಸ್ಥೆಯಲ್ಲಿ ಬೇರೆಯವರು ಬರೆದ ವರದಿ ತಿದ್ದುವುದು ಹೊಟ್ಟೆಪಾಡು. ಅವ್ವ ಧಾರವಾಡದಲ್ಲಿದ್ದಾಳೆ. ಎಪ್ಪತ್ತು ದಾಟಿದ ಮೇಲೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿತಳು. ಕಲಿತದ್ದೇ ಮೊಮ್ಮಗಳಿಗಾಗಿ. ಮಗಳಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬರುವುದಿಲ್ಲ. ಅಜ್ಜಿಯ ಸಂದೇಶ ಬಂದರೆ ಫೋನಿನ ಅನುವಾದಕ್ಕೆ ಕೊಡುತ್ತಾಳೆ. ಒಂದು ದಿನ ಅವ್ವ "ಉಂಡಿ ಏನವಾ?" ಅಂತ ಬರೆದಳು. ಊಟ ಆಯ್ತಾ ಅಂತ ಕೇಳಿದ್ದು ಅಷ್ಟೇ. ಫೋನಿಗೆ ಧಾರವಾಡದ ಕನ್ನಡ ಎಲ್ಲಿಂದ ಬರಬೇಕು? ಅದು ಉಂಡಿಯನ್ನು ಲಡ್ಡು ಮಾಡಿ ಇವಳ ಮುಂದಿಟ್ಟಿತು. ಇವಳು "ಲಡ್ಡು ತಿಂದಿಲ್ಲ ಅಜ್ಜಿ" ಅಂತ ಇಂಗ್ಲಿಷ್ ಅಕ್ಷರದ ಹಿಂದಿಯಲ್ಲಿ ಉತ್ತರ ಕೊಟ್ಟಳು. ಅವ್ವ ಅದನ್ನು ಪಕ್ಕದ ಮನೆ ಹುಡುಗನ ಹತ್ತಿರ ಓದಿಸಿದಳು. ಕೂಸಿಗೆ ಉಂಡಿ ತಿನ್ನಬೇಕು ಅನ್ನಿಸಿದೆ ಅಂದುಕೊಂಡು ಎರಡು ಕಿಲೋ ಶೇಂಗಾ ಉಂಡಿ ಕಟ್ಟಿ ಕೊರಿಯರ್‌ಗೆ ಹಾಕಿದಳು. ನಾವೆಲ್ಲ ನಕ್ಕೆವು, ತಿಂದೆವು. ರಾತ್ರಿ ಹಾಸಿಗೆಯಲ್ಲಿ ನನಗೆ ನಗು ಬರಲಿಲ್ಲ. ಅಜ್ಜಿ ಮೊಮ್ಮಗಳ ನಡುವೆ ಒಂದು ಯಂತ್ರ, ಒಬ್ಬ ಪಕ್ಕದ ಮನೆ ಹುಡುಗ. ಹೀಗಾಗಲು ಬಿಟ್ಟವನು ನಾನು.

ತಪ್ಪು ನನ್ನದೇ, ಒಪ್ಪಿಕೊಂಡೆ. ಆದರೆ ನನ್ನದು ಮಾತ್ರವೇ?

ನಮ್ಮ ಸೊಸೈಟಿಯ ಕೆಳಗಿನ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಹನ್ನೆರಡು ಹದಿಮೂರು ಮಲಯಾಳಿ ಮಕ್ಕಳು ಸೇರುತ್ತಾರೆ. ನಿವೃತ್ತರಾದ ಒಬ್ಬ ನರ್ಸ್ ಪಾಠ ಹೇಳುತ್ತಾರೆ, ನಾವೆಲ್ಲ ಅವರನ್ನು ಚೇಚಿ ಅನ್ನುತ್ತೇವೆ. ಇದು ಅವರ ಸ್ವಂತ ಹುಮ್ಮಸ್ಸಿನ ಕೆಲಸ ಅಂತ ಬಹಳ ದಿನ ತಿಳಿದಿದ್ದೆ. ವಿಚಾರಿಸಿದಾಗ ಗೊತ್ತಾಯಿತು, ಹುಮ್ಮಸ್ಸು ಅವರದು, ಪಠ್ಯ ಕೇರಳ ಸರ್ಕಾರದ್ದು. ಕೇರಳದ ಸಂಸ್ಕೃತಿ ಇಲಾಖೆಯ ಅಡಿಯಲ್ಲಿ 2009ರಲ್ಲಿ ಮಲಯಾಳಂ ಮಿಷನ್ ಶುರುವಾಯಿತು. ನಾಡು ಬಿಟ್ಟವರ ಮಕ್ಕಳಿಗೆ ಹಂತ ಹಂತವಾಗಿ ಮಲಯಾಳ ಕಲಿಸುವುದು ಅದರ ಕೆಲಸ. ಪಠ್ಯ, ಪರೀಕ್ಷೆ, ಪ್ರಮಾಣಪತ್ರ ಎಲ್ಲ ಉಂಟು. ಹಂತಗಳಿಗೆ ಹೂವಿನ ಹೆಸರು: ಕಣಿಕ್ಕೊನ್ನ, ಸೂರ್ಯಕಾಂತಿ, ಆಂಬಲ್, ನೀಲಕುರಿಂಜಿ. ಕಣಿಕ್ಕೊನ್ನ ಅಂದರೆ ನಮ್ಮ ಕಕ್ಕೆ ಹೂವು, ದಿಲ್ಲಿಯವರ ಅಮಲ್ತಾಸ್. ಮೇ ತಿಂಗಳಲ್ಲಿ ದಿಲ್ಲಿಯ ರಸ್ತೆ ರಸ್ತೆಯಲ್ಲಿ ಅರಳುವ ಹಳದಿ ಹೂವಿಗೆ ಚೇಚಿಯ ಶಿಷ್ಯರು ಮೂರು ಭಾಷೆಯಲ್ಲಿ ಹೆಸರು ಹೇಳುತ್ತಾರೆ. ನನ್ನ ಮಗಳು ಹೇಳುವುದು ಎರಡರಲ್ಲಿ, ಆ ಎರಡರಲ್ಲಿ ಕನ್ನಡ ಇಲ್ಲ.

ನಾನೂ ಬೆಂಗಳೂರಿನ ಒಂದು ಕಚೇರಿಗೆ ಪತ್ರ ಬರೆದೆ. ಇಂಥ ಪಠ್ಯ ಇದ್ದರೆ ಕಳಿಸಿ, ಅಂಚೆ ಖರ್ಚು ನಾನು ಕೊಡುತ್ತೇನೆ ಅಂತ. ಉತ್ತರ ಬರಲಿಲ್ಲ. ಎರಡನೆಯ ಪತ್ರಕ್ಕೆ ಬಂತು: ನಿಮ್ಮ ಮನವಿಯನ್ನು ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ. ಸಂಬಂಧಪಟ್ಟ ವಿಭಾಗ ಯಾವುದು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಬಹುಶಃ ಅವರಿಗೂ ತಿಳಿದಿಲ್ಲ.

ಇಲ್ಲಿ ನನ್ನದೊಂದು ಮುಖಭಂಗದ ಕಥೆ ಹೇಳಲೇಬೇಕು. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಕರ್ನಾಟಕಕ್ಕೊಂದು ಸಾಂಸ್ಕೃತಿಕ ನೀತಿಯ ವರದಿ ಕೊಟ್ಟಿತು. 2017ರಲ್ಲಿ ಸಚಿವ ಸಂಪುಟ ಅದನ್ನು ಒಪ್ಪಿತು. ಇಂಥ ನೀತಿ ಮಾಡಿದ ದೇಶದ ಮೊದಲ ರಾಜ್ಯ ನಮ್ಮದು ಅನ್ನುವ ಮಾತು ಆಗ ಕೇಳಿಬಂತು. ಮೇಲಿನ ಮಹಡಿಯ ಮರಾಠಿ ಗೆಳೆಯನ ಮುಂದೆ ನಾನೂ ಎದೆಯುಬ್ಬಿಸಿ ಹೇಳಿದೆ. ಅವನು ಚಹಾ ಕುಡಿಯುತ್ತಲೇ ಕೇಳಿದ, "ನಮ್ಮದು 2010ರಲ್ಲೇ ಆಯ್ತಲ್ಲ?" ಹುಡುಕಿದೆ. ಹೌದು, ಆ. ಹ. ಸಾಳುಂಖೆಯವರ ಸಮಿತಿಯ ಕೆಲಸದ ಮೇಲೆ ಮಹಾರಾಷ್ಟ್ರ 2010ರಲ್ಲೇ ಸಾಂಸ್ಕೃತಿಕ ನೀತಿ ಮಾಡಿತ್ತು. ಇನ್ನೂ ಹುಡುಕಿದರೆ ಪುಟ್ಟ ಗೋವಾ 2007ರಲ್ಲೇ ಮಾಡಿ ಮುಗಿಸಿದೆ. ಎರಡೂ ನಮ್ಮ ಗಡಿಗೆ ಅಂಟಿಕೊಂಡ ರಾಜ್ಯಗಳು. ಬೆಳಗಾವಿಯಿಂದ ಒಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಪಣಜಿ. ಆ ಬಸ್ಸು ಹತ್ತಿ ಹೋಗಿ ನೋಡಿ ಬಂದವರು ಯಾರೂ ಇರಲಿಲ್ಲವೇ?

ನನ್ನ ತಕರಾರು ನಾವು ಮೊದಲಿಗರಲ್ಲ ಎಂಬುದಲ್ಲ. ಮೂರನೆಯವರಾದರೇನು, ಹತ್ತನೆಯವರಾದರೇನು. ನಾವು ಎಷ್ಟನೆಯವರು ಅಂತ ನಮಗೇ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ವ್ಯವಸ್ಥೆಯೂ ಇಲ್ಲ. ತಕರಾರು ಅದರದ್ದು.

ಯುರೋಪಿನಲ್ಲಿ ಅಂಥ ವ್ಯವಸ್ಥೆಯೊಂದಿದೆ. ವರದಿ ತಿದ್ದುವ ಕೆಲಸದಲ್ಲಿ ಒಮ್ಮೆ ಅದು ನನ್ನ ಮೇಜಿಗೆ ಬಂತು. ಹೆಸರು ಕಾಂಪೆಂಡಿಯಂ, ಸಂಸ್ಕೃತಿ ನೀತಿಗಳ ಸಂಗ್ರಹ ಅನ್ನೋಣ. ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ ಎಂಬತ್ತರ ದಶಕದಲ್ಲಿ ಒಂದೊಂದೇ ದೇಶದ ಸಾಂಸ್ಕೃತಿಕ ನೀತಿಯನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸತೊಡಗಿತು. ಫ್ರಾನ್ಸ್, ಸ್ವೀಡನ್ ಮೊದಲು ಒಪ್ಪಿದವು. 1998ರಲ್ಲಿ ಎರಿಕ್‌ಆರ್ಟ್ಸ್ ಎಂಬ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಆ ಕೆಲಸಕ್ಕೆ ಕಾಯಂ ರೂಪ ಕೊಟ್ಟರು. ನಲವತ್ತಕ್ಕೂ ಹೆಚ್ಚು ದೇಶಗಳು ಅದರಲ್ಲಿ ಸೇರಿದವು.

ಅದರ ಗುಟ್ಟು ಬಹಳ ಸರಳ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ನಿಮ್ಮಲ್ಲಿ ಸಂಸ್ಕೃತಿಯ ಹೊಣೆ ಯಾರದು, ಕೇಂದ್ರದ್ದೋ ಪ್ರಾಂತದ್ದೋ ನಗರಸಭೆಯದೋ? ಕಾನೂನು ಏನಿದೆ? ದುಡ್ಡೆಷ್ಟು, ಎಲ್ಲಿಗೆ ಹೋಯಿತು? ಅಲ್ಪಸಂಖ್ಯಾತ ಭಾಷೆಗಳ ಗತಿ ಏನು? ಈಗ ಯಾವುದರ ಬಗ್ಗೆ ಜಗಳ ನಡೆದಿದೆ? ನೋಡಿ, ಜಗಳಕ್ಕೂ ಒಂದು ಅಧ್ಯಾಯ! ಬರೆಯುವವರು ಮಂತ್ರಿಯ ಪ್ರಚಾರ ವಿಭಾಗದವರಲ್ಲ, ಆಯಾ ದೇಶದ ಸ್ವತಂತ್ರ ತಜ್ಞರು. ಎಲ್ಲ ದೇಶದ ಉತ್ತರವೂ ಒಂದೇ ಕ್ರಮದಲ್ಲಿ ಇರುವುದರಿಂದ ಫಿನ್ಲೆಂಡಿನ ಪಕ್ಕಕ್ಕೆ ಪೋರ್ಚುಗಲ್ ಇಟ್ಟು ನೋಡಬಹುದು. ಕೆಲವು ವರ್ಷ ಬಿಟ್ಟು ಮತ್ತೆ ಬರೆಯುತ್ತಾರೆ. ಹೋದ ಸಲ ಹೇಳಿದ್ದೇನು, ಈ ಸಲ ಆಗಿದ್ದೇನು ಅನ್ನುವುದು ಆಗ ಮುಚ್ಚಿಡಲಾಗದು.

ಅಲ್ಲಿ ಎಲ್ಲರದೂ ಒಂದೇ ದಾರಿ ಅಂತಲ್ಲ. ಫ್ರಾನ್ಸ್ 1959ರಲ್ಲೇ ಸಂಸ್ಕೃತಿಗೊಂದು ಮಂತ್ರಿಖಾತೆ ಮಾಡಿ ಸಾಹಿತಿ ಆಂದ್ರೆ ಮಾಲ್ರೋ ಅವರ ಕೈಗೆ ಕೊಟ್ಟಿತು. ಬ್ರಿಟನ್ 1946ರಲ್ಲೇ ಆರ್ಟ್ಸ್ ಕೌನ್ಸಿಲ್ ಮಾಡಿ ದುಡ್ಡು ಸರ್ಕಾರದ್ದು, ಯಾರಿಗೆ ಎಂಬ ತೀರ್ಮಾನ ಸರ್ಕಾರದ್ದಲ್ಲ ಎಂಬ ಪದ್ಧತಿ ಹಿಡಿಯಿತು. ಜರ್ಮನಿಯಲ್ಲಿ ಸಂಸ್ಕೃತಿ ಮುಖ್ಯವಾಗಿ ಅದರ ಹದಿನಾರು ರಾಜ್ಯಗಳ ಹೊಣೆ. ಬೆಲ್ಜಿಯಂನಲ್ಲಿ ಜರ್ಮನ್ ಆಡುವವರು ಎಂಬತ್ತು ಸಾವಿರದ ಆಸುಪಾಸು, ಅವರಿಗೇ ಒಂದು ಶಾಸನಸಭೆ, ಒಂದು ಸರ್ಕಾರ, ತಮ್ಮ ಸಂಸ್ಕೃತಿಯ ತೀರ್ಮಾನ ತಮ್ಮದೇ. ದಾರಿ ಬೇರೆ ಬೇರೆ ಇರುವುದಕ್ಕೇ ಹೋಲಿಕೆ ಬೇಕಾಗುವುದು. ಎಲ್ಲರ ಮನೆ ದೋಸೆಯೂ ಒಂದೇ ಥರ ಇದ್ದಿದ್ದರೆ ಪಕ್ಕದ ಮನೆಯ ಹಿಟ್ಟಿನ ಹದ ಕೇಳುವ ಅಗತ್ಯ ಯಾರಿಗಿತ್ತು?

ನನಗೆ ತೀರ ಹತ್ತಿರದ್ದೆನಿಸಿದ ಉದಾಹರಣೆ ಡೆನ್ಮಾರ್ಕ್ ಮತ್ತು ಜರ್ಮನಿಯ ಗಡಿಯದು. ಗಡಿಯ ಆಚೆ ಜರ್ಮನಿಯಲ್ಲಿ ಡೇನಿಷ್ ಜನ, ಈಚೆ ಡೆನ್ಮಾರ್ಕಿನಲ್ಲಿ ಜರ್ಮನ್ ಜನ. ಯುದ್ಧ ಮಾಡಿದ ನಾಡುಗಳವು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್‌ನಿಂದ ಎರಡು ಘೋಷಣೆ ಹೊರಬಿದ್ದವು: ನಿಮ್ಮವರನ್ನು ನಾವು, ನಮ್ಮವರನ್ನು ನೀವು ಗೌರವದಿಂದ ನೋಡಿಕೊಳ್ಳೋಣ. ಗಡಿಯಾಚೆಯ ಡೇನಿಷ್ ಶಾಲೆಗಳಿಗೆ ಡೆನ್ಮಾರ್ಕೂ ದುಡ್ಡು ಕೊಡುತ್ತದೆ, ಅಲ್ಲಿನ ಜರ್ಮನ್ ರಾಜ್ಯವೂ ಕೊಡುತ್ತದೆ. ಮರುವರ್ಷ, 1956ರಲ್ಲಿ, ನಮ್ಮಲ್ಲಿ ಭಾಷಾವಾರು ಪ್ರಾಂತಗಳಾದವು. ಕಾಸರಗೋಡು ಕೇರಳಕ್ಕೆ ಹೋಯಿತು, ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಆಚೆ ಉಳಿದವು. 1967ರಲ್ಲಿ ಮಹಾಜನ ವರದಿ ಬಂತು. ಅಂದಿನಿಂದ ನಾವು ನೆಲ ಯಾರದು ಅನ್ನುವ ವಾದದಲ್ಲೇ ಇದ್ದೇವೆ. ಆ ನೆಲದ ಮೇಲಿನ ಮಗು ಯಾವ ಪುಸ್ತಕ ಓದುತ್ತಿದೆ ಅನ್ನುವುದನ್ನು ಎರಡು ಸರ್ಕಾರಗಳು ಎದುರುಬದುರು ಕೂತು ಬರೆದುಕೊಂಡ ಒಂದು ಹಾಳೆ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಗಡಿಯವರ ಪಾಡು ಇದಾದರೆ ನಮ್ಮಂಥವರ ಪಾಡು ಇನ್ನೂ ವಿಚಿತ್ರ. ಗಡಿ ಪ್ರದೇಶಕ್ಕೆ 2010ರಿಂದ ಒಂದು ಪ್ರಾಧಿಕಾರ ಇದೆ, ಇಂದಿರಾಪುರಂ ಯಾವ ಗಡಿ? ದಿಲ್ಲಿ ಸರ್ಕಾರ 2021ರ ಜನವರಿಯಲ್ಲಿ ತಮಿಳು ಅಕಾಡೆಮಿ ಮಾಡಿತು. ನಾಳೆ ಕನ್ನಡಕ್ಕೆ ಮಾಡಿದರೂ ನಾವು ದಿಲ್ಲಿಯವರಲ್ಲ, ಉತ್ತರ ಪ್ರದೇಶದವರು. ಜೆಎನ್‌ಯುನಲ್ಲಿ ಕರ್ನಾಟಕದ ನೆರವಿನಿಂದ 2015ರಲ್ಲಿ ಕನ್ನಡ ಪೀಠ ಆಯಿತು. ಬಹಳ ಒಳ್ಳೆಯದು, ಆದರೆ ಅದು ಉನ್ನತ ಸಂಶೋಧನೆಯ ಜಾಗ, ಅ ಆ ಇ ಈ ತಿದ್ದುವ ಮಗುವಿಗಲ್ಲ. ಆರ್.ಕೆ. ಪುರಂನ ಕರ್ನಾಟಕ ಸಂಘ, ಲೋದಿ ಎಸ್ಟೇಟಿನ ಕನ್ನಡ ಶಾಲೆ ತಲೆಮಾರುಗಳನ್ನು ಸಾಕಿವೆ. ನಮ್ಮಲ್ಲಿಂದ ಅಲ್ಲಿಗೆ ಯಮುನೆ ದಾಟಿ ಮೆಟ್ರೋ ಬದಲಿಸಿ ಹೋಗಿ ಬರುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಮಾಡಿ ಅನ್ನುತ್ತದೆ. ತರಗತಿಯಲ್ಲಿ ಹತ್ತು ಮಕ್ಕಳೋ ಶಾಲೆಯಲ್ಲಿ ನಲವತ್ತೋ ಇದ್ದರೆ ಒಬ್ಬ ಶಿಕ್ಷಕರನ್ನು ಕೊಡಬೇಕೆಂದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಹೇಳಿತ್ತು. ನಮ್ಮ ಹತ್ತು ಮಕ್ಕಳು ಆರು ಶಾಲೆಗಳಲ್ಲಿ ಹಂಚಿಹೋಗಿದ್ದಾರೆ. ಮಗಳ ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಜರ್ಮನ್ ಸಿಗುತ್ತದೆ, ಕನ್ನಡ ಸಿಗುವುದಿಲ್ಲ. ಅವಳು ಈಗ ಜರ್ಮನ್ ಓದುತ್ತಿದ್ದಾಳೆ. ಜರ್ಮನಿ 1951ರಲ್ಲಿ ಗಯಟೆ ಸಂಸ್ಥೆ ಕಟ್ಟಿ ದೇಶ ದೇಶಗಳಿಗೆ ಹೋಗಿ ತನ್ನ ಭಾಷೆ ಕಲಿಸುತ್ತದೆ. ಸಾವಿರಾರು ಮೈಲಿ ದಾಟಿ ಅದು ದಿಲ್ಲಿಯ ಕಸ್ತೂರ್ಬಾ ಗಾಂಧಿ ಮಾರ್ಗಕ್ಕೆ ಬಂದಿದೆ. ಬೆಂಗಳೂರಿಗೆ ಎರಡು ಸಾವಿರ ಕಿಲೋಮೀಟರ್ ದೂರವಾಯಿತು.

2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಕರ್ನಾಟಕದ ಒಳಗಿರುವವರನ್ನು ಕಳೆದರೆ ಹೊರಗೆ ಸುಮಾರು 30 ಲಕ್ಷ. ಅಷ್ಟು ಜನರಿಗೆ ನೀತಿಯಲ್ಲಿ ಒಂದು ಸಾಲು ಬೇಡವೇ? ಸಾಲು ಇದ್ದರೆ, ಆ ಸಾಲಿನ ಮುಂದೆ ಈ ವರ್ಷ ಇಷ್ಟು ಮಕ್ಕಳಿಗೆ ಪಾಠವಾಯಿತು ಅನ್ನುವ ಅಂಕಿ ಬೇಡವೇ?

ನಮ್ಮಲ್ಲೂ ಹೋಲಿಕೆಯ ಕಚೇರಿ ಇಲ್ಲವೆಂದಲ್ಲ ಮಾರಾಯರೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಅಂತ ಸಂವಿಧಾನದ 350ಬಿ ವಿಧಿಯಲ್ಲೇ ಇದೆ. ಕಚೇರಿ 1957ರಲ್ಲಿ ಶುರುವಾಯಿತು, ಬಹುಕಾಲ ಇದೇ ಉತ್ತರ ಪ್ರದೇಶದ ಅಲಹಾಬಾದಿನಲ್ಲಿತ್ತು. ರಾಜ್ಯಗಳಿಗೆ ಪ್ರಶ್ನಾವಳಿ ಕಳಿಸಿ, ಉತ್ತರ ಸೇರಿಸಿ, ರಾಷ್ಟ್ರಪತಿಗೆ ವರದಿ ಕೊಡುತ್ತಾರೆ. ಕಾಂಪೆಂಡಿಯಂಗಿಂತ ನಲವತ್ತು ವರ್ಷ ಮೊದಲೇ ನಮ್ಮಲ್ಲಿ ಹುಟ್ಟಿದ ಯೋಚನೆ! ಆದರೆ ಎಷ್ಟೋ ರಾಜ್ಯಗಳು ಉತ್ತರ ಕಳಿಸುವುದಿಲ್ಲ ಎಂದು ಆ ವರದಿಗಳೇ ಗೋಳಾಡುತ್ತವೆ. ಉತ್ತರ ಕೊಡದಿದ್ದರೆ ಏನೂ ಆಗುವುದಿಲ್ಲ, ಹಾಗಾಗಿ ಕೊಡುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹುಟ್ಟಿದ್ದು ಇಂಥದ್ದಕ್ಕೇ ಇರಬೇಕು.

ಇಷ್ಟು ಹೇಳಿದಾಗ ನನಗೆ ಬರುವ ಉತ್ತರಗಳೂ ಗೊತ್ತು. ಒಂದು, ಯುರೋಪು ಶ್ರೀಮಂತರ ನಾಡು, ನಮಗೆ ಅದೆಲ್ಲ ಯಾಕೆ. ಸ್ವಾಮಿ, ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಲು ಎಷ್ಟು ದುಡ್ಡು ಬೇಕು? ಒಂದು ಸಮ್ಮೇಳನದ ಪೆಂಡಾಲಿನ ಖರ್ಚು ಸಾಕು. ಬಡವನಿಗೇ ಲೆಕ್ಕ ಹೆಚ್ಚು ಬೇಕು.

ಎರಡು, ಸಂಸ್ಕೃತಿಯನ್ನು ಅಳೆಯಲಾಗದು. ನಿಜ, ಬೇಂದ್ರೆಯವರನ್ನು ಯಾರೂ ಅಳೆಯಲು ಹೋಗಬೇಕಿಲ್ಲ. ಆದರೆ ಗ್ರಂಥಾಲಯದ ಬಾಗಿಲು ವಾರಕ್ಕೆ ಎಷ್ಟು ದಿನ ತೆರೆದಿರುತ್ತದೆ, ಅಕಾಡೆಮಿಗೆ ಅಧ್ಯಕ್ಷರಿದ್ದಾರೋ ಇಲ್ಲವೋ, ಇವನ್ನು ಎಣಿಸಬಹುದು. 2019ರಲ್ಲಿ ಸರ್ಕಾರ ಬದಲಾಯಿತು, ಅಕಾಡೆಮಿಗಳ ಅಧ್ಯಕ್ಷರೂ ಹೋದರು. 2023ರಲ್ಲಿ ಮತ್ತೆ ಬದಲಾಯಿತು, ಇವರೂ ಹೋದರು. ಹೊಸಬರ ನೇಮಕವಾದದ್ದು 2024ರ ಮಾರ್ಚಿನಲ್ಲಿ. ಎರಡು ಪಕ್ಷಗಳದ್ದೂ ಒಂದೇ ಚಾಳಿ. ಬ್ರಿಟನ್ನಿನ ಸಾಲು ಪಕ್ಕದಲ್ಲಿದ್ದಿದ್ದರೆ ಕಡೆಪಕ್ಷ ನಾಚಿಕೆಯಾದರೂ ಆಗುತ್ತಿತ್ತೇನೋ.

ಮೂರು, ಕೋಷ್ಟಕ ಬರೆದ ಮಾತ್ರಕ್ಕೆ ಏನಾಯಿತು? ಇದಕ್ಕೆ ನಾನು ಅರ್ಧ ತಲೆಬಾಗುತ್ತೇನೆ. ಕಾಂಪೆಂಡಿಯಂನಲ್ಲಿ ಇದ್ದೂ ನೆದರ್ಲೆಂಡ್ಸ್ 2011ರಲ್ಲಿ ಸಂಸ್ಕೃತಿಯ ಹಣದಲ್ಲಿ ಸುಮಾರು 20 ಕೋಟಿ ಯೂರೋ ಕಡಿಯಲು ಹೊರಟಿತು, ಕಡಿಯಿತು. ಪ್ರಾದೇಶಿಕ ಮತ್ತು ಅಲ್ಪಸಂಖ್ಯಾತ ಭಾಷೆಗಳ ಯುರೋಪಿಯನ್ ಒಡಂಬಡಿಕೆಗೆ ಫ್ರಾನ್ಸ್ 1999ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಹೋಲಿಕೆ ಯಾರ ಕೈಯನ್ನೂ ಕಟ್ಟಿಹಾಕುವುದಿಲ್ಲ. ಆದರೆ ಡಚ್ ಕಲಾವಿದ ಬೀದಿಗಿಳಿದಾಗ ಎಷ್ಟು ಹೋಯಿತು, ನೆರೆಯವರು ಎಷ್ಟು ಕೊಡುತ್ತಾರೆ ಅಂತ ಅವನ ಕೈಯಲ್ಲಿ ಲೆಕ್ಕ ಇತ್ತು. ನನ್ನ ಕೈಯಲ್ಲಿ ಇರುವುದು 'ಸಂಬಂಧಪಟ್ಟ ವಿಭಾಗಕ್ಕೆ' ಎಂಬ ಕಾಗದ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮುಖದಲ್ಲಿ ತೋರಿಸುತ್ತಾರೆ: ಊರು ಬಿಟ್ಟು ಹೋದವನಿಗೆ ಕೇಳುವ ಹಕ್ಕೇನು? ಅನ್ನ ಹುಡುಕಿ ಹೋದೆವು, ಭಾಷೆ ಬಿಟ್ಟು ಹೋಗಲಿಲ್ಲ. ಸನ್ಮಾನಕ್ಕೆ ಹಾರ ತುರಾಯಿ ಹಿಡಿದು ದಿಲ್ಲಿಗೆ ಬಂದವರು ನಮ್ಮನ್ನು 'ಹೊರನಾಡ ಕನ್ನಡಿಗರೇ' ಅಂತ ಕರೆದು ಚಪ್ಪಾಳೆ ಗಿಟ್ಟಿಸುತ್ತಾರಲ್ಲ, ಆಗ ಹಕ್ಕಿನ ಪ್ರಶ್ನೆ ಏಳುವುದಿಲ್ಲ.

ಹಾಗೆಂದು ಕೇಳುವವನು ತಾನೂ ಉತ್ತರ ಕೊಡಬೇಕು. ಪಟ್ಟಿಯಲ್ಲಿ ಕರ್ನಾಟಕದ ಸಾಲನ್ನೇ ಮೊದಲು ತುಂಬಬೇಕು. ಅದೇ 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಮೂರರಲ್ಲಿ ಒಬ್ಬರ ತಾಯ್ನುಡಿ ಕನ್ನಡವಲ್ಲ. ತುಳು, ಕೊಂಕಣಿ, ಕೊಡವ, ಬ್ಯಾರಿ, ಅರೆಭಾಷೆಗಳಿಗೆ ನಾವು ಅಕಾಡೆಮಿ ಮಾಡಿದ್ದೇವೆ. ಇದು ಸಣ್ಣ ಮಾತಲ್ಲ, ನೆರೆಯವರು ನಮ್ಮಿಂದ ಕಲಿಯಬಹುದಾದದ್ದು. ಆದರೆ ಬೆಂಗಳೂರಿನ ತಮಿಳು ಕೂಲಿಯ ಮಗು, ಕಲಬುರಗಿಯ ಉರ್ದು ಮನೆಯ ಮಗು, ಬಳ್ಳಾರಿಯ ತೆಲುಗು ಮಗು ಏನು ಓದುತ್ತಿದೆ ಅನ್ನುವುದನ್ನೂ ಬರೆಯಬೇಕಾಗುತ್ತದೆ. ಇಂದಿರಾಪುರಂನಲ್ಲಿ ನನಗೆ ಬೇಕೆಂದು ಕೇಳುವುದನ್ನು ಬೆಂಗಳೂರಿನಲ್ಲಿ ಅವರಿಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ. ಹೋಲಿಕೆಗೆ ನಾವು ಹೆದರುವುದು ಇದಕ್ಕೇ ಇರಬೇಕು. ಅದು ಎರಡೂ ಕಡೆ ತೋರಿಸುವ ಕನ್ನಡಿ.

ಬೇಕಾದದ್ದು ದೊಡ್ಡದೇನಲ್ಲ. ದಕ್ಷಿಣದ ಐದು ರಾಜ್ಯ, ಮಹಾರಾಷ್ಟ್ರ, ಗೋವಾ, ಇಷ್ಟರಿಂದ ಶುರುಮಾಡಲಿ. ಇಪ್ಪತ್ತು ಪ್ರಶ್ನೆ. ಉತ್ತರ ಬರೆಯುವವರು ಸರ್ಕಾರದ ಸಂಬಳದವರಲ್ಲದ ಇಬ್ಬರು. ಎರಡು ವರ್ಷಕ್ಕೊಮ್ಮೆ ಪುಸ್ತಕ, ಎಲ್ಲರ ಭಾಷೆಯಲ್ಲೂ. ಪ್ರಶ್ನೆಗಳಲ್ಲಿ ಒಂದು ಹೀಗಿರಲಿ: ನಿಮ್ಮ ರಾಜ್ಯದ ಹೊರಗಿರುವ ನಿಮ್ಮ ಭಾಷೆಯ ಮಕ್ಕಳಿಗೆ ಈ ವರ್ಷ ಏನು ಮಾಡಿದಿರಿ? ಪಕ್ಕದಲ್ಲೇ ಇನ್ನೊಂದು: ನಿಮ್ಮ ರಾಜ್ಯದ ಒಳಗಿರುವ ಬೇರೆ ಭಾಷೆಯ ಮಕ್ಕಳಿಗೆ ಏನು ಮಾಡಿದಿರಿ? ಮೊದಲ ಪುಸ್ತಕದಲ್ಲಿ ಕರ್ನಾಟಕದ ಸಾಲು ಖಾಲಿ ಇದ್ದರೂ ಚಿಂತೆಯಿಲ್ಲ. ಖಾಲಿ ಇದೆ ಅಂತ ಅಚ್ಚಾಗಲಿ.

ಹೋದ ತಿಂಗಳು ಚೇಚಿ ಲಿಫ್ಟಿನಲ್ಲಿ ಸಿಕ್ಕರು. ಭಾನುವಾರ ಹನ್ನೊಂದಕ್ಕೆ ತಮ್ಮ ಪಾಠ ಮುಗಿಯುತ್ತದೆ, ಆಮೇಲೆ ಹಾಲ್ ಖಾಲಿ, ಬೋರ್ಡು ಅಲ್ಲೇ ಇರುತ್ತದೆ, ನಿಮ್ಮ ಮಕ್ಕಳನ್ನು ಕೂರಿಸಿಕೊಳ್ಳಿ ಅಂದರು. ನಾಲ್ಕು ಮನೆಯವರನ್ನು ಕೇಳಿದೆ, ಏಳು ಮಕ್ಕಳು ಸಿಕ್ಕಿದರು. ಪುಸ್ತಕ ಯಾವುದು ಅನ್ನುವಲ್ಲಿಗೆ ಎಲ್ಲರೂ ಸುಮ್ಮನಾದರು. ಕಡೆಗೆ ಅವ್ವನಿಗೆ ಹೇಳಿದೆ. ಧಾರವಾಡದಿಂದ ಒಂದು ಪಾರ್ಸಲ್ ಬಂದಿದೆ, ಹಳೆಯ ಒಂದನೇ ತರಗತಿಯ ಪುಸ್ತಕ ಏಳು ಪ್ರತಿ, ಜೊತೆಗೆ ಮತ್ತೆ ಎರಡು ಕಿಲೋ ಉಂಡಿ. ಮುಂದಿನ ಭಾನುವಾರ ಶುರು ಮಾಡುತ್ತೇವೆ.

ಎಪ್ಪತ್ತು ದಾಟಿದ ಮುದುಕಿ ಒಂದು ವಾರದಲ್ಲಿ ಮಾಡಿದ್ದನ್ನು ಒಂದು ಸರ್ಕಾರ ಯಾಕೆ ಮಾಡಲಾಗಲಿಲ್ಲ ಅನ್ನುವುದನ್ನೂ ಆ ಇಪ್ಪತ್ತು ಪ್ರಶ್ನೆಗಳಲ್ಲಿ ಸೇರಿಸಿಬಿಡಿ.